ಮೋತಿಬಿಂದು ಬೇರೆ, ಕಾಚಬಿಂದು ಬೇರೆ: ಎರಡೂ ಕೂಡಿ ಬಂದ ಕಣ್ಣಿಗೆ ಚಿಕಿತ್ಸೆ



ನಮ್ಮ ಸಂಘದ ವೈದ್ಯಕೀಯ ನೆರವು ಸಮಿತಿಗೆ ಬರುವ ಅರ್ಜಿಗಳಲ್ಲಿ ಕಣ್ಣಿಗೆ ಸಂಬಂಧಿಸಿದವುಗಳನ್ನು ನೋಡಿ ಅಭಿಪ್ರಾಯ ಬರೆಯುವ ಕೆಲಸವನ್ನು ಸಮಿತಿ ನನಗೆ ವಹಿಸಿದೆ. ವೃತ್ತಿಯಿಂದ ನಾನು ನೇತ್ರವೈದ್ಯ. ಹೆಚ್ಚಿನ ಅರ್ಜಿಗಳ ಮೇಲೆ "ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ನೆರವು ಕೋರಿ" ಎಂದಿರುತ್ತದೆ. ಜೊತೆಗಿಟ್ಟ ಆಸ್ಪತ್ರೆಯ ಕಾಗದ ಬಿಡಿಸಿ ನೋಡಿದರೆ ಕೆಲವರದ್ದರಲ್ಲಿ ಪೊರೆಯ ಪಕ್ಕದಲ್ಲೇ ಇನ್ನೊಂದು ಹೆಸರೂ ಇರುತ್ತದೆ: ಗ್ಲಾಕೋಮಾ. ಮನೆಯವರನ್ನು ಕೇಳಿದರೆ, "ಅದೂ ಒಂದು ಬಿಂದುವೇ ಅಲ್ವಾ ಡಾಕ್ಟ್ರೇ, ಆಪರೇಷನ್ ಆದರೆ ಎರಡೂ ಹೋಗ್ತದಲ್ಲ?" ಎನ್ನುತ್ತಾರೆ.

ಮುಂಬಯಿಯಲ್ಲಿ ಈ ಗೊಂದಲ ಹುಟ್ಟುವುದು ಸಹಜ. ಇಲ್ಲಿನ ಆಸ್ಪತ್ರೆಗಳಲ್ಲಿ ಮರಾಠಿ ಮಾತಾಡುವವರು ಪೊರೆಗೆ ಮೋತಿಬಿಂದು ಎನ್ನುತ್ತಾರೆ, ಗ್ಲಾಕೋಮಾಕ್ಕೆ ಕಾಚಬಿಂದು ಎನ್ನುತ್ತಾರೆ. ಹಿಂದಿಯಲ್ಲಾದರೆ ಒಂದು ಸಫೇದ್ ಮೋತಿಯಾ, ಇನ್ನೊಂದು ಕಾಲಾ ಮೋತಿಯಾ. ನಮ್ಮವರ ಕಿವಿಯಲ್ಲಿ ಉಳಿಯುವುದು ಬಿಂದು, ಮೋತಿಯಾ ಅಷ್ಟೇ. ಒಂದೇ ಕಾಯಿಲೆಗೆ ಎರಡು ಹೆಸರು ಎಂದು ಅವರು ತಿಳಿದರೆ ಆಶ್ಚರ್ಯವಿಲ್ಲ. ನಿಜವಾಗಿ ಇವೆರಡೂ ಪೂರ್ತಿ ಬೇರೆ. ಪೊರೆಯಿಂದ ಮಂಜಾದ ದೃಷ್ಟಿ ಆಪರೇಷನ್ ನಂತರ ಮರಳುತ್ತದೆ. ಗ್ಲಾಕೋಮಾದಿಂದ ಹೋದ ದೃಷ್ಟಿಯನ್ನು ಇಂದಿನ ಯಾವ ಚಿಕಿತ್ಸೆಯೂ ಮರಳಿ ಕೊಡುವುದಿಲ್ಲ. ಉಳಿದಿರುವುದನ್ನು ಕಾಪಾಡಬಹುದು, ಅಷ್ಟೇ. ಪೊರೆಯ ಖರ್ಚು ಒಂದು ಕಣ್ಣಿಗೆ ಒಂದು ಸಲದ ಖರ್ಚು. ಗ್ಲಾಕೋಮಾದ ಖರ್ಚು ಪ್ರತಿ ತಿಂಗಳದ್ದು, ಜೀವಮಾನದ್ದು.

ತಮ್ಮ ದೇಣಿಗೆಯ ಹಣ ಇಂಥ ರೋಗಿಗಳಿಗೆ ಹೋಗುವಾಗ ಅದು ಯಾವ ಚಿಕಿತ್ಸೆಗೆ, ಏಕೆ ಹೋಗುತ್ತದೆ ಎಂದು ತಮಗೆ ತಿಳಿದಿರಬೇಕು. ತಮ್ಮ ಮನೆಯಲ್ಲೂ ಹಿರಿಯರಿದ್ದಾರೆ. ಆದ್ದರಿಂದ ಈ ಸಂಚಿಕೆಯಲ್ಲಿ ಎರಡೂ ಕಾಯಿಲೆ ಒಂದೇ ಕಣ್ಣಿನಲ್ಲಿ ಸೇರಿದಾಗ ಏನು ಮಾಡಬಹುದು ಎಂಬುದನ್ನು ವಿವರಿಸುತ್ತೇನೆ.

ಕಣ್ಣಿನೊಳಗೆ ಏನಾಗುತ್ತದೆ?

ಕಣ್ಣಿನ ಕಪ್ಪು ಪಾಪೆಯ ಹಿಂದೆ ಒಂದು ಪಾರದರ್ಶಕ ಮಸೂರವಿದೆ. ವಯಸ್ಸಾದಂತೆ ಅದು ಮಬ್ಬಾಗುತ್ತದೆ. ಅದೇ ಪೊರೆ. ನೋವಿರುವುದಿಲ್ಲ. ಅಕ್ಷರ ಮಸುಕಾಗುತ್ತದೆ, ರಾತ್ರಿ ಎದುರಿನ ವಾಹನದ ದೀಪ ಹರಡಿದಂತೆ ಕಾಣುತ್ತದೆ, ಕನ್ನಡಕದ ನಂಬರು ಮತ್ತೆ ಮತ್ತೆ ಬದಲಾಗುತ್ತದೆ. ಮಬ್ಬಾದ ಮಸೂರವನ್ನು ತೆಗೆದು ಕೃತಕ ಮಸೂರ ಇಟ್ಟರೆ, ಕಣ್ಣಿನ ಉಳಿದ ಭಾಗ ಆರೋಗ್ಯವಾಗಿದ್ದರೆ, ದೃಷ್ಟಿ ಬರುತ್ತದೆ.

ಗ್ಲಾಕೋಮಾ ಹಾನಿ ಮಾಡುವುದು ಮಸೂರಕ್ಕಲ್ಲ, ಕಣ್ಣಿನಿಂದ ಮಿದುಳಿಗೆ ಹೋಗುವ ನರಕ್ಕೆ. ಕಣ್ಣಿನ ಮುಂಭಾಗದಲ್ಲಿ ಒಂದು ಸ್ವಚ್ಛ ದ್ರವ ಸದಾ ಹುಟ್ಟುತ್ತಿರುತ್ತದೆ, ಒಂದು ಮೂಲೆಯ ಜಾಲರಿಯ ಮೂಲಕ ಸದಾ ಹೊರಗೆ ಹೋಗುತ್ತಿರುತ್ತದೆ. ಚಾಳಿನ ಮೋರಿಯನ್ನು ನೆನಪಿಸಿಕೊಳ್ಳಿ. ನಲ್ಲಿ ತೆರೆದೇ ಇದೆ, ಮೋರಿಯ ತೂತು ಕಟ್ಟಿದೆ ಎಂದರೆ ನೀರು ಏರುತ್ತದೆ. ಕಣ್ಣಿನೊಳಗೂ ಹಾಗೆಯೇ ಒತ್ತಡ ಏರುತ್ತದೆ, ಆ ಒತ್ತಡಕ್ಕೆ ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಸಾಮಾನ್ಯವಾಗಿ ಕಣ್ಣಿನ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಒತ್ತಡ ಈ ಮಿತಿಯೊಳಗೇ ಇದ್ದರೂ ನರ ಸವೆಯುವವರಿದ್ದಾರೆ. ಆದ್ದರಿಂದ ಒತ್ತಡದ ಒಂದು ಅಂಕಿ ನೋಡಿ "ಗ್ಲಾಕೋಮಾ ಇಲ್ಲ" ಎಂದು ಹೇಳಲಾಗದು.

ಇದರಲ್ಲಿ ಎರಡು ಬಗೆ ಮುಖ್ಯ. ಮೋರಿಗೆ ಹೋಗುವ ದಾರಿ ತೆರೆದಿದ್ದು ಜಾಲರಿಯೇ ಕೆಟ್ಟಿದ್ದರೆ ತೆರೆದ ಕೋನದ ಗ್ಲಾಕೋಮಾ. ದಾರಿಯೇ ಕಿರಿದಾಗಿ ಮುಚ್ಚಿಕೊಂಡಿದ್ದರೆ ಮುಚ್ಚಿದ ಕೋನದ ಗ್ಲಾಕೋಮಾ. ಭಾರತೀಯರಲ್ಲಿ ಎರಡನೆಯದೂ ಸಾಕಷ್ಟು ಇದೆ. ಚಿಕಿತ್ಸೆ ಆಯ್ಕೆ ಮಾಡುವಾಗ ಈ ಭೇದ ಬಹಳ ಮುಖ್ಯವಾಗುತ್ತದೆ.

ಗ್ಲಾಕೋಮಾ ಮೊದಲು ತಿನ್ನುವುದು ಸುತ್ತಲಿನ ನೋಟವನ್ನು. ನಡುವಿನ ನೋಟ ಕೊನೆಯವರೆಗೂ ಉಳಿಯಬಹುದು. ರೋಗಿ ಎದುರಿನ ಬೆಸ್ಟ್ ಬಸ್ಸಿನ ನಂಬರು ಓದುತ್ತಾನೆ, ಪಕ್ಕದಿಂದ ಬಂದ ರಿಕ್ಷಾ ಕಾಣುವುದಿಲ್ಲ. ತನಗೆ ಕಾಯಿಲೆಯಿದೆ ಎಂದು ಅವನಿಗೆ ಅನ್ನಿಸುವುದೇ ಇಲ್ಲ. ಭಾರತದಲ್ಲಿ 40 ದಾಟಿದವರಲ್ಲಿ ಸುಮಾರು 1 ಕೋಟಿ 12 ಲಕ್ಷ ಮಂದಿಗೆ ಗ್ಲಾಕೋಮಾ ಇದೆ ಎಂದು 2010ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳಿತು. ಅವರಲ್ಲಿ ಬಹುಪಾಲು ಜನರಿಗೆ ಅದು ಗೊತ್ತೇ ಇರುವುದಿಲ್ಲ.

"ಪೊರೆ ಹಣ್ಣಾಗಲಿ" ಎಂಬ ಮಾತು

ಎರಡೂ ಒಟ್ಟಿಗೆ ಬರಲು ಮೊದಲ ಕಾರಣ ವಯಸ್ಸು. ಇನ್ನೂ ಕೆಲವು ಕಾರಣಗಳಿವೆ. ಸ್ಟೀರಾಯ್ಡ್ ಮದ್ದುಗಳು ಪೊರೆಯನ್ನೂ ತರುತ್ತವೆ, ಒತ್ತಡವನ್ನೂ ಏರಿಸುತ್ತವೆ. ಕಣ್ಣು ಕೆಂಪಾಯಿತೆಂದು ಕೆಮಿಸ್ಟ್ ಅಂಗಡಿಯಲ್ಲಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವ ಹನಿಮದ್ದಿನಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ಕಾಯಿಲೆಗಳಿಗೂ ಬಾಗಿಲು ತೆರೆದಂತೆ. ಇನ್ನು ಕೆಲವರ ಮಸೂರದ ಮೇಲೆ ಬೂದಿಯಂಥ ಸಣ್ಣ ಕಣಗಳು ಕೂರುತ್ತವೆ. ದಕ್ಷಿಣ ಭಾರತದ ಹಿರಿಯರಲ್ಲಿ ಇದನ್ನು ಸಾಕಷ್ಟು ಕಾಣುತ್ತೇವೆ. ಆ ಕಣಗಳು ಜಾಲರಿಯನ್ನು ಕಟ್ಟುತ್ತವೆ, ಮಸೂರವನ್ನು ಹಿಡಿದಿರುವ ಎಳೆಗಳೂ ಸಡಿಲವಾಗಿರುತ್ತವೆ. ಅಂಥವರ ಪೊರೆಯ ಆಪರೇಷನ್ ಅನುಭವಿಗಳ ಕೈಯಲ್ಲೇ ಆಗಬೇಕು.

ಮತ್ತೊಂದು ಕಾರಣ, ಪೊರೆಯನ್ನು ತೀರ ಬಲಿಯಲು ಬಿಡುವುದು. ಊರಿನಲ್ಲಿ ಇಂದಿಗೂ "ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣ" ಎನ್ನುತ್ತಾರೆ. ಈ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ಡಾ. ಎಂ. ಸಿ. ಮೋದಿಯವರು ಕರ್ನಾಟಕದ ಊರೂರಿಗೆ ಹೋಗಿ ಶಿಬಿರ ನಡೆಸಿ ಸಾಲುಸಾಲಾಗಿ ಪೊರೆ ತೆಗೆಯುತ್ತಿದ್ದ ಕಾಲದ ವಿಧಾನದಲ್ಲಿ ಬಲಿತ ಮಸೂರವನ್ನು ಇಡಿಯಾಗಿ ಹೊರತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದರು. ಇಂದು ಎರಡು ಮೂರು ಮಿಲಿಮೀಟರ್ ತೂತಿನ ಮೂಲಕ ಮಸೂರವನ್ನು ಒಳಗೇ ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನ ಬಂದಿದೆ. ಹೊಲಿಗೆಯಿಲ್ಲದ ಸಣ್ಣ ಗಾಯದ ಆಪರೇಷನ್ ಕೂಡ ಇದೆ. ಕಾಯುವ ಅಗತ್ಯ ಉಳಿದಿಲ್ಲ. ಕಾದರೆ ಅಪಾಯವೂ ಇದೆ. ಬಲಿತ ಪೊರೆ ಉಬ್ಬಿ ದ್ರವದ ದಾರಿಯನ್ನು ಮುಚ್ಚಬಹುದು, ಅಥವಾ ಸೋರಿ ಜಾಲರಿಯನ್ನು ಕಟ್ಟಬಹುದು. ಆಗ ಕಣ್ಣು ಕೆಂಪೇರಿ ತಡೆಯಲಾಗದ ನೋವು, ತಲೆನೋವು, ವಾಂತಿ ಬರುತ್ತದೆ; ದೀಪದ ಸುತ್ತ ಬಣ್ಣದ ಉಂಗುರ ಕಾಣಬಹುದು. ಮನೆಯವರು ಇದನ್ನು ಪಿತ್ತವೆಂದೋ ಅಸಿಡಿಟಿಯೆಂದೋ ತಿಳಿದು ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಇದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ತುರ್ತು ಸ್ಥಿತಿ. ದಿನ ಕಳೆದಂತೆ ನರ ಸಾಯುತ್ತದೆ.

ಆಪರೇಷನ್‌ಗೆ ಮೊದಲು ಯಾವ ಪರೀಕ್ಷೆ?

ಪೊರೆಯ ಆಪರೇಷನ್‌ಗೆ ಮೊದಲು ಮಸೂರದ ನಂಬರು ಅಳೆಯುವುದು ಎಲ್ಲೆಡೆ ಇದ್ದದ್ದೇ. ಗ್ಲಾಕೋಮಾ ಇದೆಯೇ ಎಂದು ತಿಳಿಯಲು ಅಷ್ಟು ಸಾಲದು. ಕಣ್ಣಿನ ಒತ್ತಡ ಅಳೆಯಬೇಕು. ಗೋನಿಯೋಸ್ಕೋಪಿ ಎಂಬ ಪರೀಕ್ಷೆಯಿಂದ, ಕಣ್ಣಿನ ಮೇಲೆ ಕನ್ನಡಿಯಿರುವ ಪುಟ್ಟ ಮಸೂರವಿಟ್ಟು, ಕೋನ ತೆರೆದಿದೆಯೇ ಮುಚ್ಚಿದೆಯೇ ನೋಡಬೇಕು. ಕೋನ ಸುರಕ್ಷಿತವೆಂದು ಕಂಡ ಮೇಲೆ ಪಾಪೆ ಅಗಲಿಸುವ ಹನಿ ಹಾಕಿ ನರವನ್ನು ನೇರವಾಗಿ ನೋಡಬೇಕು. ಸಂಶಯವಿದ್ದರೆ ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಮತ್ತು ನರದ ಎಳೆಗಳ ದಪ್ಪ ಅಳೆಯುವ ಓಸಿಟಿ ಮಾಡಿಸಬೇಕು.

ಇಲ್ಲೊಂದು ತೊಡಕಿದೆ. ಪೊರೆ ದಟ್ಟವಾಗಿದ್ದರೆ ನರ ಸರಿಯಾಗಿ ಕಾಣುವುದಿಲ್ಲ. ಫೀಲ್ಡ್ ಟೆಸ್ಟ್‌ನ ಫಲಿತಾಂಶವೂ ಇರುವುದಕ್ಕಿಂತ ಕೆಟ್ಟದಾಗಿ ಬರುತ್ತದೆ. ಆದ್ದರಿಂದ ಆಪರೇಷನ್ ಆಗಿ ಕಣ್ಣು ತಿಳಿಯಾದ ಮೇಲೆ ಈ ಎರಡು ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿಸಿ, ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದಿನ ವರ್ಷಗಳಲ್ಲಿ ಕಾಯಿಲೆ ಮುಂದುವರಿದಿದೆಯೇ ಎಂದು ಹೋಲಿಸಲು ಅದೇ ಆಧಾರ.

ಚಿಕಿತ್ಸೆಯ ದಾರಿಗಳು

ಒಂದನೆಯದು, ಪೊರೆಯನ್ನು ಮಾತ್ರ ತೆಗೆದು ಗ್ಲಾಕೋಮಾಕ್ಕೆ ಹನಿಮದ್ದು ಮುಂದುವರಿಸುವುದು. ನರಕ್ಕೆ ಹೆಚ್ಚು ಹಾನಿಯಾಗಿಲ್ಲ, ಒಂದೆರಡು ಹನಿಮದ್ದಿನಲ್ಲಿ ಒತ್ತಡ ಹಿಡಿತದಲ್ಲಿದೆ ಎಂದಾದರೆ ಹೆಚ್ಚಿನವರಿಗೆ ಇಷ್ಟು ಸಾಕು. ದಪ್ಪವಾದ ಮಸೂರ ಹೋಗಿ ತೆಳುವಾದ ಕೃತಕ ಮಸೂರ ಬಂದಾಗ ಒಳಗೆ ಜಾಗ ಹೆಚ್ಚುತ್ತದೆ, ಒತ್ತಡವೂ ಸ್ವಲ್ಪ ಇಳಿಯುತ್ತದೆ. ತೆರೆದ ಕೋನದವರಲ್ಲಿ ಈ ಇಳಿಕೆ ಕೆಲವೇ ಮಿಲಿಮೀಟರ್. ಅದನ್ನು ನಂಬಿ ಹನಿಮದ್ದು ನಿಲ್ಲಿಸುವಂತಿಲ್ಲ.

ಎರಡನೆಯದು ಮುಚ್ಚಿದ ಕೋನದವರಿಗೆ. ಇವರಿಗೆ ಪೊರೆ ತೆಗೆಯುವುದೇ ಗ್ಲಾಕೋಮಾಕ್ಕೂ ಒಳ್ಳೆಯ ಚಿಕಿತ್ಸೆ, ಏಕೆಂದರೆ ದಾರಿಯನ್ನು ತಳ್ಳಿ ಮುಚ್ಚುವುದು ಆ ಮಸೂರವೇ. ಈಗಲ್ ಎಂಬ ಹೆಸರಿನ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. 50 ದಾಟಿದ 419 ರೋಗಿಗಳಲ್ಲಿ ಲೇಸರ್‌ನಿಂದ ತೂತು ಮಾಡುವುದಕ್ಕಿಂತ ಮಸೂರ ತೆಗೆಯುವುದೇ ಹೆಚ್ಚು ಫಲ ಕೊಟ್ಟಿತು. ಆ ರೋಗಿಗಳಿಗೆ ಪೊರೆ ಬಂದಿರಲಿಲ್ಲ. ಪೊರೆಯೂ ಇದ್ದರಂತೂ ಮಸೂರ ತೆಗೆಯಲು ಕಾರಣ ಎರಡಾಗುತ್ತದೆ. ಆಪರೇಷನ್ ತಡವಾಗುವುದಾದರೆ ಅಲ್ಲಿಯವರೆಗಿನ ರಕ್ಷಣೆಗೆ ಲೇಸರ್ ಇರಿಡಾಟಮಿ, ಅಂದರೆ ಪಾಪೆಯ ಸುತ್ತಲಿನ ಪರದೆಯಲ್ಲಿ ಸಣ್ಣ ತೂತು, ಮಾಡುತ್ತಾರೆ.

ಮೂರನೆಯದು, ತೆರೆದ ಕೋನದವರಿಗೆ ಎಸ್‌ಎಲ್‌ಟಿ ಎಂಬ ಲೇಸರ್. ಜಾಲರಿಯ ಮೇಲೆ ಮೃದುವಾಗಿ ಬೆಳಕು ಹಾಯಿಸಿ ಅದನ್ನು ಚುರುಕುಗೊಳಿಸುವುದು ಇದರ ಕೆಲಸ. ಇದನ್ನು ಹೊರರೋಗಿಯಾಗಿ ಮಾಡಿಸಿಕೊಂಡು ಅದೇ ದಿನ ಮನೆಗೆ ಹೋಗಬಹುದು. ಯುನೈಟೆಡ್ ಕಿಂಗ್‌ಡಮ್‌ನಲ್ಲಿ 718 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಲೈಟ್ ಅಧ್ಯಯನದಲ್ಲಿ, ಮೊದಲಿಗೇ ಈ ಲೇಸರ್ ಪಡೆದವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಮೂರು ವರ್ಷ ಹನಿಮದ್ದಿಲ್ಲದೆ ಇರಲು ಸಾಧ್ಯವಾಯಿತು. ಅವರೆಲ್ಲ ಆಗಷ್ಟೇ ಚಿಕಿತ್ಸೆ ಆರಂಭಿಸುವವರಾಗಿದ್ದರು. ಕಾಯಿಲೆ ಬಹಳ ಮುಂದುವರಿದವರಿಗೆ ಇದೊಂದೇ ಸಾಲದು. ಇದರ ಪರಿಣಾಮ ಕಾಲಕ್ರಮೇಣ ಕುಗ್ಗುವುದರಿಂದ ಮತ್ತೆ ಮಾಡಬೇಕಾಗಬಹುದು.

ನಾಲ್ಕನೆಯದು, ಪೊರೆ ಮತ್ತು ಗ್ಲಾಕೋಮಾ ಎರಡಕ್ಕೂ ಒಂದೇ ಸಲ ಆಪರೇಷನ್. ಪೊರೆ ತೆಗೆಯುವುದರ ಜೊತೆಗೆ ಟ್ರಾಬೆಕ್ಯುಲೆಕ್ಟಮಿ ಮಾಡುತ್ತಾರೆ. ಕಣ್ಣಿನ ಬಿಳಿ ಗೋಡೆಯಲ್ಲಿ ಪುಟ್ಟ ಮುಚ್ಚಳದಂಥ ದಾರಿ ಮಾಡಿ ದ್ರವ ಮೇಲಿನ ರೆಪ್ಪೆಯ ಅಡಿಗೆ ಇಳಿಯುವಂತೆ ಮಾಡುವುದೇ ಇದು. ಮೋರಿ ಕಟ್ಟಿದಾಗ ಪಕ್ಕದಲ್ಲಿ ಹೊಸ ತೂತು ಕೊರೆದಂತೆ. ದಾರಿ ಮತ್ತೆ ಮುಚ್ಚದಿರಲಿ ಎಂದು ಮೈಟೋಮೈಸಿನ್ ಎಂಬ ಮದ್ದನ್ನು ಹಚ್ಚುತ್ತಾರೆ. ಎರಡು ಮೂರು ಹನಿಮದ್ದು ಹಾಕಿದರೂ ಒತ್ತಡ ಇಳಿಯದವರಿಗೆ, ನರಕ್ಕೆ ಹೆಚ್ಚು ಹಾನಿಯಾದವರಿಗೆ ಇದನ್ನು ಹೇಳುತ್ತಾರೆ. ಒಂದೇ ಅರಿವಳಿಕೆ, ಒಂದೇ ಸಲದ ರಜೆ ಎಂಬ ಅನುಕೂಲವಿದೆ. ಆದರೆ ಕಣ್ಣು ಸುಧಾರಿಸಿಕೊಳ್ಳುವುದು ನಿಧಾನ, ಮೊದಲ ಕೆಲವು ವಾರ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಿ ಒತ್ತಡ ನೋಡಿಸಿ ಹೊಲಿಗೆ ಸರಿಪಡಿಸಿಕೊಳ್ಳಬೇಕು. ಇದಾದ ಕಣ್ಣು ಎಷ್ಟೇ ವರ್ಷದ ನಂತರ ಕೆಂಪಾಗಿ ಕೀವು ಬಂದರೂ ಆ ದಿನವೇ ವೈದ್ಯರ ಬಳಿ ಓಡಬೇಕು, ಏಕೆಂದರೆ ಸೋಂಕು ನೇರವಾಗಿ ಒಳಗಿಳಿಯಬಹುದು.

ಐದನೆಯದು, ಮೊದಲು ಗ್ಲಾಕೋಮಾದ ಆಪರೇಷನ್, ಪೊರೆ ಆಮೇಲೆ. ಒತ್ತಡ ತೀರ ಹೆಚ್ಚಿದ್ದು ನರ ಅಪಾಯದಲ್ಲಿದ್ದರೆ ಮೊದಲು ನರವನ್ನು ಉಳಿಸಬೇಕು, ಪೊರೆ ಕಾಯಬಲ್ಲದು. ಟ್ರಾಬೆಕ್ಯುಲೆಕ್ಟಮಿ ಆದ ಮೇಲೆ ಪೊರೆ ಬೇಗ ಬಲಿಯುವುದೂ ಉಂಟು. ಆದರೂ ಹೊಸ ದಾರಿ ನೆಲೆಗೊಳ್ಳಲು ಸಾಮಾನ್ಯವಾಗಿ ಆರು ತಿಂಗಳಾದರೂ ಬಿಟ್ಟು ಪೊರೆ ತೆಗೆಯುತ್ತಾರೆ. ಮನೆಯವರು "ಆಪರೇಷನ್ ಮಾಡಿಸಿದರೂ ಕಣ್ಣು ಇನ್ನೂ ಮಸುಕು" ಎಂದು ಬೇಸರಿಸುವುದು ಈ ಗುಂಪಿನಲ್ಲಿ ಹೆಚ್ಚು. ಮೊದಲ ಆಪರೇಷನ್ ನೋಟ ಹೆಚ್ಚಿಸಲು ಅಲ್ಲ, ಉಳಿಸಲು ಎಂದು ಮುಂಚೆಯೇ ಹೇಳಿದರೆ ಅವರು ಧೈರ್ಯಗೆಡುವುದಿಲ್ಲ.

ಆರನೆಯದು ಹೊಸ ಬಗೆಯ ಸೂಕ್ಷ್ಮ ಆಪರೇಷನ್‌ಗಳು. ಪೊರೆಗೆ ಮಾಡಿದ ಅದೇ ತೂತಿನ ಮೂಲಕ ಜಾಲರಿಯನ್ನು ಸ್ವಲ್ಪ ಬಿಡಿಸುತ್ತಾರೆ, ಅಥವಾ ಐಸ್ಟೆಂಟ್‌ನಂಥ ಅತಿ ಚಿಕ್ಕ ನಳಿಗೆಯನ್ನು ಇಡುತ್ತಾರೆ. ಕಣ್ಣು ಬೇಗ ಸುಧಾರಿಸುತ್ತದೆ, ಅಪಾಯ ಕಡಿಮೆ. ಒತ್ತಡದ ಇಳಿಕೆಯೂ ಟ್ರಾಬೆಕ್ಯುಲೆಕ್ಟಮಿಗಿಂತ ಕಡಿಮೆ. ಸೌಮ್ಯ ಇಲ್ಲವೇ ಮಧ್ಯಮ ಹಂತದವರಿಗೆ ಇದು ಒಪ್ಪುತ್ತದೆ. ಸಾಧನದ ಬೆಲೆ ದುಬಾರಿ. ಸಾಧನವೇ ಬೇಡದ, ಕೇವಲ ಜಾಲರಿ ಬಿಡಿಸುವ ವಿಧಾನಕ್ಕೆ ಖರ್ಚು ಕಡಿಮೆ.

ಇವೆಲ್ಲ ಸಾಲದಿದ್ದಾಗ ಕಣ್ಣಿನ ಮೇಲ್ಭಾಗದಲ್ಲಿ ನಳಿಗೆಯಿರುವ ಸಾಧನವನ್ನು ಕೂರಿಸುವುದುಂಟು. ವಿದೇಶಿ ಸಾಧನಗಳ ಬೆಲೆ ನಮ್ಮ ರೋಗಿಗಳಿಗೆ ಎಟುಕುತ್ತಿರಲಿಲ್ಲ. ಮಧುರೈಯ ಅರವಿಂದ ಕಣ್ಣಾಸ್ಪತ್ರೆಯವರ ಆರೋಲ್ಯಾಬ್ ಈಗ ಅಂಥದ್ದನ್ನು ಇಲ್ಲಿಯೇ ತಯಾರಿಸುತ್ತದೆ, ಬೆಲೆ ಬಹಳ ಇಳಿದಿದೆ. 1992ರಲ್ಲಿ ಆರಂಭವಾದ ಈ ಸಂಸ್ಥೆಯೇ ಪೊರೆಯ ಕೃತಕ ಮಸೂರವನ್ನೂ ಬಡವರ ಕೈಗೆಟುಕುವಂತೆ ಮಾಡಿದ್ದು.

ಯಾವ ಮಸೂರ?

ಅರ್ಜಿಯ ಜೊತೆ ಬರುವ ಖರ್ಚಿನ ಪಟ್ಟಿಯಲ್ಲಿ ಕೆಲವೊಮ್ಮೆ ದುಬಾರಿ ಮಲ್ಟಿಫೋಕಲ್ ಮಸೂರ ಇರುತ್ತದೆ. ದೂರ, ಹತ್ತಿರ ಎರಡನ್ನೂ ಕನ್ನಡಕವಿಲ್ಲದೆ ನೋಡಲು ಅದು ನೆರವಾಗುತ್ತದೆ, ಆದರೆ ಒಳಬರುವ ಬೆಳಕನ್ನು ಹಂಚುವುದರಿಂದ ಬೆಳಕು ನೆರಳಿನ ಭೇದ ಮಂಕಾಗುತ್ತದೆ. ಗ್ಲಾಕೋಮಾ ಇರುವವರಲ್ಲಿ ಆ ಶಕ್ತಿ ಮೊದಲೇ ಕುಂದಿರುತ್ತದೆ. ಅವರಿಗೆ ಸಾಧಾರಣ ಮೋನೋಫೋಕಲ್ ಮಸೂರವೇ ಸಾಮಾನ್ಯವಾಗಿ ಮೇಲು. ಓದಲು ಒಂದು ಕನ್ನಡಕ ಬೇಕಾಗುತ್ತದೆ, ಅಷ್ಟೇ. ಆದ್ದರಿಂದ ಸಮಿತಿ ಇಂಥ ಅರ್ಜಿಗೆ ಸಾಧಾರಣ ಮಸೂರದ ಖರ್ಚು ಮಾತ್ರ ಮಂಜೂರು ಮಾಡಿದರೆ ಅದು ಜಿಪುಣತನವಲ್ಲ.

ಆಯ್ಕೆ ನಿರ್ಧಾರವಾಗುವುದು ಹೇಗೆ?

ವೈದ್ಯರು ಈ ದಾರಿಗಳಲ್ಲಿ ಒಂದನ್ನು ಆರಿಸುವಾಗ ಮೂರು ಸಂಗತಿ ನೋಡುತ್ತಾರೆ: ನರಕ್ಕೆ ಎಷ್ಟು ಹಾನಿಯಾಗಿದೆ, ಎಷ್ಟು ಹನಿಮದ್ದಿನಲ್ಲಿ ಒತ್ತಡ ಎಷ್ಟಿದೆ, ಮತ್ತು ಈ ರೋಗಿ ಹನಿಮದ್ದನ್ನು ತಪ್ಪದೆ ಹಾಕಿ ಮತ್ತೆ ತಪಾಸಣೆಗೆ ಬರಬಲ್ಲರೇ. ಮೊದಲ ಎರಡು ಕಣ್ಣಿನೊಳಗಿನ ವಿಷಯ. ಮೂರನೆಯದು ಮನೆಯ ವಿಷಯ.

ಹೋಟೆಲಿನಲ್ಲಿ ದುಡಿಯುವವರಿಗೆ ಬೆಳಗಿನ ಓಪಿಡಿಗೆ ಹೋಗಲು ರಜೆ ಸಿಗುವುದಿಲ್ಲ. ನಾಲಾಸೋಪಾರಾದಿಂದಲೋ ಡೊಂಬಿವಲಿಯಿಂದಲೋ ಪರೇಲಿಗೆ ಬರಬೇಕಾದ, ಒಂದು ಕಣ್ಣು ಮಾತ್ರ ಕಾಣುವ ಹೆಂಗಸನ್ನು ನೂಕುನುಗ್ಗಲಿನ ಲೋಕಲ್‌ನಲ್ಲಿ ಕರೆತರಲು ಯಾರಾದರೂ ಒಂದು ದಿನದ ಕೂಲಿ ಬಿಡಬೇಕು. ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರು ಮಳೆಗಾಲಕ್ಕೆ ಊರಿಗೆ ಹೋದರೆ ಮೂರು ತಿಂಗಳು ಮದ್ದಿಲ್ಲ. ಇದನ್ನೆಲ್ಲ ಬಲ್ಲ ವೈದ್ಯರು, ಹನಿಮದ್ದಿನಿಂದಲೇ ನಡೆಯಬಹುದಾದ ಕಣ್ಣಿಗೂ ದೊಡ್ಡ ಆಪರೇಷನ್ ಹೇಳಬೇಕಾಗುತ್ತದೆ. ಮದ್ದಿನ ಬಾಟಲಿಗೆ ಮತ್ತು ಬಂದುಹೋಗುವ ಖರ್ಚಿಗೆ ಯಾರಾದರೂ ನಿಂತರೆ ರೋಗಿಗೆ ಹೆಚ್ಚು ಸುರಕ್ಷಿತವಾದ ದಾರಿ ತೆರೆಯುತ್ತದೆ. ನಮ್ಮ ನೆರವು ಅತ್ಯಂತ ಹೆಚ್ಚು ಕೆಲಸ ಮಾಡುವುದು ಈ ಜಾಗದಲ್ಲಿ.

ಆಪರೇಷನ್ ಆದ ಮೇಲೆ

ಪೊರೆ ಹೋದ ಮೇಲೆ ಬಣ್ಣ, ಬೆಳಕು ಚೆನ್ನಾಗಿ ಕಾಣುತ್ತದೆ. ಆ ಸಂತೋಷದಲ್ಲಿ ಗ್ಲಾಕೋಮಾದ ಮದ್ದು ನಿಲ್ಲಿಸುವವರಿದ್ದಾರೆ. ಇದೇ ಅತ್ಯಂತ ಅಪಾಯದ ಘಳಿಗೆ. ಪೊರೆ ಆಪರೇಷನ್ ನಂತರ ಕೊಡುವ ಹನಿಮದ್ದಿನಲ್ಲಿ ಸ್ಟೀರಾಯ್ಡ್ ಇರುತ್ತದೆ, ಕೆಲವರಲ್ಲಿ ಅದು ಒತ್ತಡ ಏರಿಸುತ್ತದೆ. ಆದ್ದರಿಂದ ಯಾವ ಹನಿ ನಿಲ್ಲಿಸಬೇಕು, ಯಾವುದು ಮುಂದುವರಿಯಬೇಕು ಎಂದು ಆಸ್ಪತ್ರೆಯಿಂದ ಹೊರಡುವ ಮೊದಲೇ ಬರೆಸಿಕೊಳ್ಳಿ. ಕಾಯಿಲೆ ಬಹಳ ಮುಂದುವರಿದವರು ಆಪರೇಷನ್ ಮರುದಿನ ಒತ್ತಡ ನೋಡಿಸುವುದನ್ನು ತಪ್ಪಿಸಲೇಬಾರದು.

ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿಹಿಡಿಯಿರಿ. ಮದ್ದು ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ಉಳಿಯುತ್ತದೆ. ಟಿಮೊಲಾಲ್ ಎಂಬ ಹನಿಮದ್ದು ದಮ್ಮು ಇರುವವರಿಗೆ, ಹೃದಯದ ಬಡಿತ ನಿಧಾನವಿರುವವರಿಗೆ ಆಗದು. ಅಂಥ ತೊಂದರೆ ಇದ್ದರೆ ಕಣ್ಣಿನ ವೈದ್ಯರಿಗೆ ಹೇಳಿ. ತೆರೆದ ಬಾಟಲಿಯನ್ನು ಒಂದು ತಿಂಗಳಿಗಿಂತ ಹೆಚ್ಚು ಬಳಸಬೇಡಿ. ಇನ್ನೊಂದು ಮಾತು: ತಂದೆತಾಯಿಗೋ ಅಣ್ಣತಮ್ಮ, ಅಕ್ಕತಂಗಿಯರಿಗೋ ಗ್ಲಾಕೋಮಾ ಇದ್ದರೆ ತಮಗೂ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು. 40 ದಾಟಿದ ಮೇಲೆ ಎಲ್ಲ ರಕ್ತಸಂಬಂಧಿಗಳೂ ಕಣ್ಣಿನ ನರ ತೋರಿಸಿಕೊಳ್ಳಬೇಕು.

ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು?

ಪರೇಲ್‌ನ ಕೆಇಎಂ, ಸಯನ್‌ನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್, ವಿಲೇಪಾರ್ಲೆಯ ಕೂಪರ್ ಇವು ಪಾಲಿಕೆಯ ದೊಡ್ಡ ಆಸ್ಪತ್ರೆಗಳು, ಭಾಯ್‌ಖಳಾದ ಜೆ. ಜೆ. ಆಸ್ಪತ್ರೆ ರಾಜ್ಯ ಸರಕಾರದ್ದು. ಎಲ್ಲದರಲ್ಲೂ ಕಣ್ಣಿನ ವಿಭಾಗವಿದೆ. ಸಾಲು ಉದ್ದವಿರುತ್ತದೆ, ಖರ್ಚು ಅತಿ ಕಡಿಮೆ.

ಮಹಾರಾಷ್ಟ್ರದಲ್ಲಿ 2012ರಲ್ಲಿ ರಾಜೀವ್ ಗಾಂಧಿ ಜೀವನದಾಯಿ ಯೋಜನೆಯಾಗಿ ಆರಂಭವಾದದ್ದು 2017ರಿಂದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಾಗಿದೆ. ಇದಕ್ಕೆ ಸಾಮಾನ್ಯವಾಗಿ ಇಲ್ಲಿನ ರೇಷನ್ ಕಾರ್ಡ್ ಕೇಳುತ್ತಾರೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರರ ಮೇಜು ಇರುತ್ತದೆ. ಯಾವ ಆಪರೇಷನ್ ಅಲ್ಲಿ ಸೇರುತ್ತದೆ ಎಂದು ಮೊದಲು ಅವರನ್ನೇ ಕೇಳಿ. ರೇಷನ್ ಕಾರ್ಡ್ ಇನ್ನೂ ಊರಿನಲ್ಲೇ ಇರುವ ನಮ್ಮವರು ಅನೇಕ. ಅವರ ಬಳಿ ಆಯುಷ್ಮಾನ್ ಭಾರತ ಕಾರ್ಡ್ ಇದ್ದರೆ ಅದು ಬೇರೆ ರಾಜ್ಯದಲ್ಲೂ ನಡೆಯುತ್ತದೆ. 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಈ ಸೌಲಭ್ಯ ಸಿಗುವಂತಾಗಿದೆ.

ಖಾಸಗಿ ಟ್ರಸ್ಟ್ ಆಸ್ಪತ್ರೆಗಳ ಬಾಗಿಲೂ ಪೂರ್ತಿ ಮುಚ್ಚಿಲ್ಲ. ಬಾಂಬೆ ಹೈಕೋರ್ಟ್ 2006ರಲ್ಲಿ ರೂಪಿಸಿದ ಯೋಜನೆಯಂತೆ ಧರ್ಮಾದಾಯ ಟ್ರಸ್ಟ್ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ತೀರ ಬಡವರಿಗೆ ಉಚಿತವಾಗಿ, ಇನ್ನು ಶೇ. 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ರೇಷನ್ ಕಾರ್ಡ್, ತಹಶೀಲ್ದಾರರ ಆದಾಯ ಪತ್ರ, ಆಧಾರ್ ಇಟ್ಟುಕೊಂಡು ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ವಿಚಾರಿಸಬೇಕು. ಆದಾಯದ ಮಿತಿ ಕಾಲಕಾಲಕ್ಕೆ ಬದಲಾಗುತ್ತದೆ. ಕಾಗದ ತುಂಬಲು ಬಾರದವರಿಗೆ ನಮ್ಮ ಕಾರ್ಯಕರ್ತರು ಜೊತೆ ಹೋಗುತ್ತಾರೆ. ಗ್ಲಾಕೋಮಾದ ಕೆಲವು ಹನಿಮದ್ದುಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ವೈದ್ಯರಿಂದ ಮದ್ದಿನ ಮೂಲ ಹೆಸರನ್ನು ಬರೆಸಿಕೊಂಡು ಹೋಗಿ.

ನಮ್ಮ ಕೋರಿಕೆ

ಹೀಗೆ ನೋಡಿದರೆ ಆಪರೇಷನ್‌ಗೆ ಸರಕಾರದ ಯೋಜನೆ, ಪಾಲಿಕೆಯ ಆಸ್ಪತ್ರೆ, ಟ್ರಸ್ಟ್ ಹಾಸಿಗೆ ಎಂದು ಮೂರು ನಾಲ್ಕು ಆಸರೆಗಳಿವೆ. ಅದರ ನಂತರದ ವರ್ಷಗಳ ಹನಿಮದ್ದಿಗೆ, ಆರು ತಿಂಗಳಿಗೊಮ್ಮೆಯ ಒತ್ತಡದ ತಪಾಸಣೆಗೆ, ವರ್ಷಕ್ಕೊಮ್ಮೆಯ ಫೀಲ್ಡ್ ಟೆಸ್ಟ್‌ಗೆ, ಕರೆದುಕೊಂಡು ಹೋಗುವವರ ಒಂದು ದಿನದ ಕೂಲಿಗೆ ಆಸರೆ ಕಡಿಮೆ. ದಾನ ಕೊಡುವವರಿಗೂ ಆಪರೇಷನ್ ಎಂದರೆ ಮನಸ್ಸು ಕರಗುತ್ತದೆ, ಮದ್ದಿನ ಬಾಟಲಿ ಎಂದರೆ ಚಿಕ್ಕದೆನಿಸುತ್ತದೆ. ಎರಡೂ ಕಾಯಿಲೆ ಇರುವ ರೋಗಿಯ ಪೊರೆಯನ್ನಷ್ಟೇ ತೆಗೆಸಿ ಕೈಬಿಟ್ಟರೆ, ನಾವು ಕೊಟ್ಟ ಬೆಳಕನ್ನು ಗ್ಲಾಕೋಮಾ ನಿಧಾನವಾಗಿ ಹಿಂತೆಗೆದುಕೊಳ್ಳುತ್ತದೆ.

ಆದ್ದರಿಂದ ಇಂಥ ಅರ್ಜಿಗಳಿಗೆ ಎರಡು ಭಾಗದಲ್ಲಿ ನೆರವು ನೀಡಬೇಕೆಂದು ನಾನು ಸಮಿತಿಗೆ ಶಿಫಾರಸು ಮಾಡಿದ್ದೇನೆ: ಒಂದು ಆಪರೇಷನ್‌ಗೆ, ಇನ್ನೊಂದು ನಂತರದ ಒಂದು ವರ್ಷದ ಮದ್ದು ಮತ್ತು ತಪಾಸಣೆಗೆ. ತಾವು ವೈದ್ಯಕೀಯ ನಿಧಿಗೆ ದೇಣಿಗೆ ಕೊಡುವಾಗ "ಕಣ್ಣಿನ ಮುಂದುವರಿದ ಚಿಕಿತ್ಸೆ" ಎಂದು ಬರೆದುಕೊಟ್ಟರೆ ಆ ಹಣವನ್ನು ಎರಡನೆಯ ಭಾಗಕ್ಕೇ ಮೀಸಲಿಡಬಹುದು. ಹಣ ಕೊಡಲಾಗದವರು ತಮ್ಮ ಉಪನಗರದ ಒಬ್ಬ ರೋಗಿಯನ್ನು ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ಹೊತ್ತರೂ ಅದು ದೊಡ್ಡ ದಾನವೇ. ಹೋಟೆಲ್ ನಡೆಸುವ ಬಾಂಧವರಲ್ಲಿ ಒಂದು ವಿನಂತಿ: ತಮ್ಮಲ್ಲಿ ದುಡಿಯುವ 40 ದಾಟಿದವರಿಗೆ ವರ್ಷದಲ್ಲಿ ಒಂದು ಬೆಳಗ್ಗೆ ರಜೆ ಕೊಟ್ಟು ಕಣ್ಣು ತೋರಿಸಿಕೊಳ್ಳಲು ಕಳುಹಿಸಿ. ಪ್ರತಿ ಮಾರ್ಚ್‌ನಲ್ಲಿ ವಿಶ್ವ ಗ್ಲಾಕೋಮಾ ಸಪ್ತಾಹ ಬರುತ್ತದೆ. ಆ ವಾರ ಅನೇಕ ಆಸ್ಪತ್ರೆಗಳಲ್ಲಿ ತಪಾಸಣೆ ಇರುತ್ತದೆ.

ತಮ್ಮ ಮನೆಯಲ್ಲಿ ಯಾರಿಗಾದರೂ ಪೊರೆಯ ಆಪರೇಷನ್ ಗೊತ್ತಾಗಿದ್ದರೆ, ತಾರೀಕು ಕೇಳುವ ಮೊದಲು ವೈದ್ಯರನ್ನು ಒಂದು ಮಾತು ಕೇಳಿ: "ಡಾಕ್ಟ್ರೇ, ಕಣ್ಣಿನ ನರ ಹೇಗಿದೆ?" ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ನೆರವು ಬೇಕಾದವರು ಆ ಕಾಗದದೊಂದಿಗೆ ಸಂಘದ ಕಚೇರಿಗೆ ಬನ್ನಿ.